ಹಳ್ಳ ಮುಳುಗಿಸದೆಯೂ ಕರೆಂಟು ಕೂಡಿಡಬಹುದು

‘ಸಿಲ್ಲಹಳ್ಳದಲ್ಲಿ ಅಣೆಕಟ್ಟು ಕಟ್ಟಿದರೆ ಸಾವಿರ ಮೆಗಾವ್ಯಾಟ್ ಕರೆಂಟು ಹುಟ್ಟುತ್ತದೆ’ ಅನ್ನುವವರಿಗೆ ನನ್ನ ಮೊದಲ ಮಾತು: ಹುಟ್ಟುವುದಿಲ್ಲ ಸ್ವಾಮಿ, ಕರಗುತ್ತದೆ.

ಈ ಪದ್ಧತಿಯಲ್ಲಿ ಕೆಳಗಿನ ಕೆರೆಯ ನೀರನ್ನು ಪಂಪು ಹಾಕಿ ಮೇಲಿನ ಕೆರೆಗೆ ಏರಿಸುತ್ತಾರೆ. ಬೇಕಾದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ಕರೆಂಟು ತೆಗೆಯುತ್ತಾರೆ. ಏರಿಸಲು 100 ಯೂನಿಟ್ ಸುರಿದರೆ ವಾಪಸ್ಸು ಬರುವುದು 75ರಿಂದ 80. ಮೇಷ್ಟ್ರುಗಳು ಮಕ್ಕಳಿಂದಲೇ ಲೆಕ್ಕ ಮಾಡಿಸಬಹುದು: ಏನೂ ಪೋಲಾಗದಿದ್ದರೂ, ಸಾವಿರ ಲೀಟರ್ ನೀರನ್ನು 367 ಮೀಟರ್ ಎತ್ತರಕ್ಕೆ ಏರಿಸಲು ಒಂದು ಯೂನಿಟ್ ಬೇಕು. ಅಂದರೆ ಇದು ಹೊಲವಲ್ಲ, ಕಣಜ. ಕಣಜದಲ್ಲಿ ರಾಗಿ ಬೆಳೆಯುವುದಿಲ್ಲ. ಬೆಳೆದದ್ದು ಉಳಿಯುತ್ತದೆ, ಅದೂ ಇಲಿ ತಿಂದು ಮಿಕ್ಕಷ್ಟು.

ಹಾಗಂತ ಕಣಜ ಬೇಡ ಅನ್ನುವವನು ನಾನಲ್ಲ. ಮಧ್ಯಾಹ್ನ ಬಿಸಿಲಿನ ಕರೆಂಟು ಹೆಚ್ಚಾಗುತ್ತದೆ. ಸಂಜೆ ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ ಸೂರ್ಯ ಇರುವುದಿಲ್ಲ. ಗಾಳಿಯೂ ನಾವು ಕರೆದಾಗ ಬೀಸುವುದಿಲ್ಲ. ಕೂಡಿಡದೆ ಗತಿಯಿಲ್ಲ. ಆನೈಮಲೆಯ ಕಡಂಪಾರೈಯಲ್ಲಿ 400 ಮೆಗಾವ್ಯಾಟಿನ ಇಂಥ ಕೇಂದ್ರವನ್ನು 1980ರ ದಶಕದಲ್ಲೇ ಕಟ್ಟಿದ್ದಾರೆ. ವಿದ್ಯೆ ಹೊಸದಲ್ಲ, ಕೆಟ್ಟದ್ದೂ ಅಲ್ಲ.

ನನ್ನ ತಕರಾರು ಜಾಗದ ಬಗ್ಗೆ. ಪೈಕಾರದಲ್ಲಿ 1932ರಲ್ಲಿ ಕರೆಂಟು ತೆಗೆದಾಗಿನಿಂದ ನೀಲಗಿರಿ ತನ್ನ ಕಣಿವೆಗಳನ್ನು ಕೊಡುತ್ತಲೇ ಬಂದಿದೆ. ಮೇಲೊಂದು ಕೆಳಗೊಂದು ಎಂಬಂತೆ ಜಲಾಶಯಗಳು ಇಲ್ಲಿ ಆಗಲೇ ತುಂಬಿ ನಿಂತಿವೆ. ಕುಂದಾ ಪಂಪ್ ಯೋಜನೆಯನ್ನೇ ನೋಡಿ: ಮೇಲಿನ ಕೆರೆ ಪೋರ್ತಿಮಂಡು, ಕೆಳಗಿನದು ಅವಲಾಂಚಿ-ಎಮರಾಲ್ಡ್. ಎರಡೂ ಹಿಂದೆಯೇ ಕಟ್ಟಿದವು. ನಡುವೆ ಸುರಂಗ ಕೊರೆದು 125 ಮೆಗಾವ್ಯಾಟಿನ ನಾಲ್ಕು ಯಂತ್ರ ಇಟ್ಟರೆ 500 ಆಯಿತು. ಸುರಂಗದ ಮಣ್ಣುಕಲ್ಲು ಎಲ್ಲಿ ಸುರಿಯುತ್ತೀರಿ ಅಂತ ಅಲ್ಲೂ ಕೇಳಲೇಬೇಕು. ಆದರೆ ಹೊಸದಾಗಿ ಒಂದು ಕಣಿವೆ ಮುಳುಗಬೇಕಿಲ್ಲ.

ಸಿಲ್ಲಹಳ್ಳದ ಪ್ರಸ್ತಾವ ಹಾಗಲ್ಲ. ಅಲ್ಲಿ ಎರಡು ಹೊಸ ಅಣೆಕಟ್ಟು ಬೇಕು. ಹೆಸರಿನಲ್ಲೇ ಹಳ್ಳ ಇರುವ ಊರು ಕಣ್ರೀ ಅದು; ಆ ನೀರನ್ನು ನಂಬಿ ಟೀ, ಆಲೂಗೆಡ್ಡೆ, ಕ್ಯಾರೆಟ್ ಬೆಳೆಯುವ ಜನ ಇದ್ದಾರೆ. ಈ ಬೆಟ್ಟದಲ್ಲಿ ತಗ್ಗಿನ ಮಣ್ಣೇ ಚಿನ್ನ. ಪರಿಹಾರದ ದುಡ್ಡು ನಾಲ್ಕು ವರ್ಷಕ್ಕೆ ಖರ್ಚಾಗುತ್ತದೆ, ಹೊಲ ಮೊಮ್ಮಕ್ಕಳಿಗೂ ಅನ್ನ ಹಾಕುತ್ತದೆ.

‘ನಾಡಿಗೆ ಕರೆಂಟು ಬೇಡವೇ?’ ಅಂತ ಕೇಳುತ್ತಾರೆ. ಬೇಕು. ಆದ್ದರಿಂದಲೇ ಹೇಳುತ್ತೇನೆ: ಮೊದಲು ಇರುವ ಕೆರೆಗಳನ್ನು ಜೋಡಿಸಿ. ಎಲ್ಲೆಲ್ಲಿ ಜೋಡಿಸಬಹುದು, ಎಲ್ಲೆಲ್ಲಿ ಆಗದು, ಏಕೆ ಆಗದು ಎಂಬ ಲೆಕ್ಕವನ್ನು ಗ್ರಾಮಸಭೆಯ ಮುಂದೆ, ಅಜ್ಜಿಗೂ ತಿಳಿಯುವ ಮಾತಿನಲ್ಲಿ ಇಡಿ. ಆ ಕಾಗದ ಕೈಗೆ ಬರುವ ತನಕ ಯಾರೂ ಒಂದು ಸೆಂಟ್ ಜಮೀನಿಗೂ ಒಪ್ಪಿಗೆಯ ಸಹಿ ಹಾಕಬಾರದು. ಇದ್ದ ಕಣಜ ಖಾಲಿ ಇಟ್ಟುಕೊಂಡು, ಇನ್ನೊಂದು ಕಣಜ ತೋಡಲು ಹೊಲ ಕೇಳುವವನಿಗೆ ‘ಇಲ್ಲ’ ಅನ್ನುವುದು ನಾಡದ್ರೋಹವಲ್ಲ, ಬರೀ ವ್ಯವಸಾಯದ ಬುದ್ಧಿ.