ಪಾದ ಕೊಡುವ ಉತ್ತರ



“ಟೀಚರ್, ಶುಗರ್ ತೋರಿಸಲು ಹೋದರೆ ಕಾಲುಚೀಲ ಬಿಚ್ಚಿಸಿ ರಬ್ಬರ್ ಸುತ್ತಿಗೆಯಲ್ಲಿ ಬಡಿದರು. ಇನ್ನು ಮುಂದೆ ನಾನು ಕಾಲು ತೋರಿಸುವುದಿಲ್ಲ” ಎಂದರು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ.

“ಬಡಿದಾಗ ಕಾಲು ಅಲುಗಿತೇ?” ಎಂದು ಕೇಳಿದೆ.

“ಮೊಣಕಾಲಿಗೆ ಬಡಿದಾಗ ಕಾಲು ಹಾರಿತು. ಹಿಮ್ಮಡಿಯ ಮೇಲೆ ಬಡಿದಾಗ ಪಾದ ಅಲುಗಲೇ ಇಲ್ಲ.”

ಡಾಕ್ಟರರು ಹುಡುಕುತ್ತಿದ್ದುದು ಅದನ್ನೇ.

ಬಿಸಿ ಕಾವಲಿ ತಾಗಿದರೆ ನಾವು ಯೋಚಿಸುವ ಮೊದಲೇ ಕೈ ಹಿಂದಕ್ಕೆ ಬರುತ್ತದೆ. ಮೆದುಳಿನ ಅಪ್ಪಣೆಗೆ ಕಾಯದೆ ಬೆನ್ನುಹುರಿಯೇ ಉತ್ತರ ಕೊಡುತ್ತದೆ. ಅಲ್ಲಾಹನು ದೇಹದಲ್ಲಿರಿಸಿದ ಈ ಏರ್ಪಾಡನ್ನು ಡಾಕ್ಟರರು ರಿಫ್ಲೆಕ್ಸ್ ಎನ್ನುತ್ತಾರೆ. ಅವರು ಪರೀಕ್ಷಿಸುವುದು ಎರಡು ಬಗೆಯಲ್ಲಿ.

ಒಂದು, ಆಳದ್ದು. ಸ್ನಾಯುವನ್ನು ಮೂಳೆಗೆ ಕಟ್ಟಿರುವ ರಜ್ಜುವಿಗೆ ತಟ್ಟಿದಾಗ ಸ್ನಾಯು ಹಿಗ್ಗಿ, ತಕ್ಷಣ ಕುಗ್ಗುತ್ತದೆ. ಮೊಣಕಾಲಿನ ಪರೀಕ್ಷೆಯನ್ನು 1875ರಲ್ಲಿ ಜರ್ಮನಿಯ ಎರ್ಬ್ ಮತ್ತು ವೆಸ್ಟ್‌ಫಾಲ್ ಎಂಬ ವೈದ್ಯರು ವಿವರಿಸಿದರು.

ಇನ್ನೊಂದು, ಚರ್ಮದ ಮೇಲಿನದು. ಅಂಗಾಲಿನ ಹೊರ ಅಂಚಿನಲ್ಲಿ ಗೀರಿದರೆ ದೊಡ್ಡವರ ಬೆರಳುಗಳು ಕೆಳಕ್ಕೆ ಮಡಚುತ್ತವೆ. ಹೆಬ್ಬೆರಳು ಮೇಲಕ್ಕೆದ್ದರೆ ಮೆದುಳು ಅಥವಾ ಬೆನ್ನುಹುರಿಯಲ್ಲಿ ತೊಂದರೆಯಿರಬಹುದು. ಇದನ್ನು 1896ರಲ್ಲಿ ಪ್ಯಾರಿಸ್‌ನ ಬಾಬಿನ್‌ಸ್ಕಿ ತೋರಿಸಿದರು. ಎಳೆ ಮಕ್ಕಳಲ್ಲಿ ಹೆಬ್ಬೆರಳು ಏಳುವುದು ಸಹಜ, ತಾಯಂದಿರು ಗಾಬರಿಯಾಗಬೇಕಿಲ್ಲ.

ಬಹುಕಾಲದ ಸಕ್ಕರೆ ಕಾಯಿಲೆ ಮೊದಲು ಕೆಡಿಸುವುದು ಪಾದದವರೆಗೆ ಹೋಗುವ ಉದ್ದನೆಯ ನರಗಳನ್ನು. ಆಗ ಹಿಮ್ಮಡಿಯ ರಿಫ್ಲೆಕ್ಸ್ ಮಂಕಾಗುತ್ತದೆ. ವಯಸ್ಸಾದವರಲ್ಲಿ ಕಾಯಿಲೆಯಿಲ್ಲದೆಯೂ ಹೀಗಾಗುವುದುಂಟು. ಆದ್ದರಿಂದ ಡಾಕ್ಟರರು ಸ್ಪರ್ಶ, ಕಂಪನಗಳನ್ನೂ ನೋಡಿ ತೀರ್ಮಾನಿಸುತ್ತಾರೆ. ಮನೆಯಲ್ಲಿ ಸೌಟಿನಿಂದ ಬಡಿದು ನೋಡುವ ಕೆಲಸ ಇದಲ್ಲ!

ಅರಿವು ಸತ್ತ ಪಾದಕ್ಕೆ ಮುಳ್ಳು ಚುಚ್ಚಿದರೂ ಬಿಸಿನೀರು ಸುಟ್ಟರೂ ತಿಳಿಯುವುದಿಲ್ಲ. ಗಾಯ ಹುಣ್ಣಾಗಿ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದೀತು. ಆ ತಾಯಿಗೆ ಇದನ್ನು ಹೇಳಿದಾಗ ಮೆಲ್ಲನೆ ಅಂದರು: “ದಾರಿಯಲ್ಲಿ ಚಪ್ಪಲಿ ಕಳಚಿ ಬಿದ್ದದ್ದು ಮೊನ್ನೆ ನನಗೆ ಗೊತ್ತೇ ಆಗಲಿಲ್ಲ.”

ಸಹೋದರಿಯರೇ, ಲಜ್ಜೆ ಈಮಾನಿನ ಭಾಗ, ನಿಜ. ಆದರೆ ರೋಗವನ್ನು ಮುಚ್ಚಿಡುವುದು ಲಜ್ಜೆಯಲ್ಲ. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಚಿಕಿತ್ಸೆಗೆ ಅಗತ್ಯವಿರುವಷ್ಟು ಭಾಗವನ್ನು ತೋರಿಸಲು ವಿದ್ವಾಂಸರು ಅನುಮತಿ ನೀಡಿದ್ದಾರೆ. ಲೇಡಿ ಡಾಕ್ಟರನ್ನು ಕೇಳಿ, ಜೊತೆಗೆ ಮನೆಯವರನ್ನು ಕರೆದೊಯ್ಯಿರಿ. ಕಾಲು ಮಾತ್ರ ತೋರಿಸಿ.

ವುಝೂ ಮಾಡುವಾಗ ದಿನವೂ ಪಾದ ತೊಳೆಯುತ್ತೇವಲ್ಲ! ಸಕ್ಕರೆ ಕಾಯಿಲೆಯಿದ್ದವರು ಆಗಲೇ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಿ. ಕಣ್ಣು ಮಂಜಾದ ಉಮ್ಮನ ಪಾದವನ್ನು ಮಗಳು ನೋಡಲಿ. ಅದೂ ಒಂದು ಸೇವೆಯೇ.