ದಂಡದ ಜೊತೆಗೆ ನೆರವೂ ಮುಂದುವರಿಯಲಿ

ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಮಾಡಿದರೆ ವಿಧಿಸುವ ದಂಡವನ್ನು 200 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಿ, ತಂಬಾಕು ಖರೀದಿಯ ವಯೋಮಿತಿಯನ್ನು 21ಕ್ಕೆ ನಿಗದಿಪಡಿಸಿದ ರಾಜ್ಯದ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದಿದೆ. ಇದು ಸ್ವಾಗತಾರ್ಹ. ಆದರೆ ದಂಡದ ಭಯದಿಂದ ಚಟ ಬಿಡುವುದಿಲ್ಲ. ಬೀಡಿ, ಸಿಗರೇಟು ಬಿಟ್ಟ ಮೊದಲ ವಾರದಲ್ಲಿ ನಿದ್ದೆಗೇಡು, ಸಿಡುಕು, ಚಡಪಡಿಕೆ ತೀವ್ರವಾಗಿರುತ್ತವೆ; ಬಹುತೇಕರು ಮತ್ತೆ ಗೂಡಂಗಡಿಯತ್ತ ಹೆಜ್ಜೆ ಹಾಕುವುದು ಆ ದಿನಗಳಲ್ಲೇ. ಒಮ್ಮೆ ಸೇದಿಬಿಟ್ಟವರು ನಾಚಿಕೆಯಿಂದ ಆಪ್ತಸಮಾಲೋಚಕರಿಗೆ ಮುಖ ತೋರಿಸುವುದಿಲ್ಲ, ಕರೆ ಬಂದರೆ ಎತ್ತುವುದಿಲ್ಲ. ನೆರವು ಅತ್ಯಗತ್ಯವಾದ ಹೊತ್ತಿನಲ್ಲೇ ಅದು ಕೈತಪ್ಪುತ್ತದೆ.

ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಸಲಹೆ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಒಂದು ಪ್ರಾದೇಶಿಕ ಕೇಂದ್ರ. ಹಲವು ಪ್ರಯತ್ನಗಳ ನಂತರವೇ ಚಟ ಬಿಟ್ಟವರು ಬಹಳ ಮಂದಿ ಎಂಬುದನ್ನು ವೈದ್ಯರೂ ಮನೆಯವರೂ ಧೂಮಪಾನಿಗಳಿಗೆ ಮನದಟ್ಟು ಮಾಡಿಕೊಡಬೇಕು. ಮತ್ತೆ ಸೇದಿದವರನ್ನು ಜರೆಯದೆ, ಮುಂದಿನ ಭೇಟಿಗೆ ಕರೆಯಬೇಕು. ಜಿಲ್ಲಾ ಆಸ್ಪತ್ರೆಗಳ ತಂಬಾಕು ವ್ಯಸನಮುಕ್ತಿ ಕೇಂದ್ರಗಳು, ಭೇಟಿ ನಿಲ್ಲಿಸಿದವರನ್ನು ತಾವಾಗಿಯೇ ಸಂಪರ್ಕಿಸುವ ವ್ಯವಸ್ಥೆಯನ್ನು ಸರ್ಕಾರ ಕಡ್ಡಾಯಗೊಳಿಸಬೇಕು; ದಂಡದಿಂದ ಬರುವ ಹಣವನ್ನು ಇದಕ್ಕೇ ಮೀಸಲಿಡಬೇಕು.