ದುಡಿದ ಮೈಗೆ ಓಟ ಯಾಕೆ?



"ಬೆಳಿಗ್ಗೆಯಿಂದ ಬೆಟ್ಟ ಹತ್ತಿ ಇಳಿದ ಕಾಲು ಇವು. ಇನ್ನು ಓಡುವುದೂ ಒಂದು ಬಾಕಿ ಇತ್ತೇ?" ಈ ಮಾತನ್ನು ನಮ್ಮ ಲೈನಿನ ಅಂಗಳದಲ್ಲಿ ಕೇಳಿದ್ದು ಒಂದೆರಡು ಸಲವಲ್ಲ. ಓಟವೆಂದರೆ ಪೇಟೆಯವರ ಕೆಲಸ, ಕುರ್ಚಿಯಲ್ಲಿ ಕುಳಿತು ಹೊಟ್ಟೆ ಬೆಳೆಸಿದವರಿಗೆ ಡಾಕ್ಟರು ಹೇಳುವ ಉಪಾಯ, ತೋಟದ ಕೂಲಿಗೂ ಅದಕ್ಕೂ ಏನು ಸಂಬಂಧ ಎಂಬುದು ನಮ್ಮವರ ವಾದ. ನಾವೂ ಬಹುಕಾಲ ಹೀಗೆಯೇ ಹೇಳುತ್ತಿದ್ದೆವು. ಈಗ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಒಪ್ಪದವರು ಒಪ್ಪಬೇಕಿಲ್ಲ, ಓದಿ ಮುಗಿಸುವ ತನಕ ನಗದಿದ್ದರೆ ಸಾಕು.

ಲೈನು ಮನೆಗಳಲ್ಲಿ ಸಂಜೆ ಐದೂವರೆಯಿಂದ ಏಳರ ತನಕದ ಹೊತ್ತು ಹೇಗಿರುತ್ತದೆ ಎಂಬುದು ನಿಮಗೆ ನಾವು ಹೇಳಿ ಗೊತ್ತಾಗಬೇಕಿಲ್ಲ. ತೂಕ ಮುಗಿದಿರುತ್ತದೆ. ಇಂದು ಎಷ್ಟು ಕಿಲೋ ಕಡಿತವಾಯಿತು ಎಂಬ ಕಹಿ ಬಾಯಲ್ಲಿರುತ್ತದೆ. ಸಂಘದ ಸಾಲದ ಕಂತು, ಮಗನ ಕಾಲೇಜು ಫೀಸು, ಮಗಳ ಮದುವೆ, ನಿವೃತ್ತಿಯಾದ ಮೇಲೆ ಈ ಮನೆಯೂ ಬಿಡಬೇಕಲ್ಲ ಎಂಬ ಯೋಚನೆ, ಎಲ್ಲವೂ ಕೆಲಸದಲ್ಲಿರುವಾಗ ಎಲ್ಲೋ ಅಡಗಿದ್ದು ಆ ಹೊತ್ತಿಗೆ ಸರಿಯಾಗಿ ಬಂದು ಒಲೆಯ ಮುಂದೆ ಕುಳಿತುಕೊಳ್ಳುತ್ತವೆ. ಗಂಡಸರು ಎದ್ದು ಅಂಗಡಿಯ ಕಡೆ ಹೋಗುತ್ತಾರೆ. ಹೆಂಗಸರು ಮಕ್ಕಳ ಮೇಲೆ ರೇಗುತ್ತಾರೆ, ಇಲ್ಲವೇ ಮಾತೇ ಆಡುವುದಿಲ್ಲ. ಮಳೆಗಾಲ ಬಂದರಂತೂ ಇನ್ನೊಂದು ಭಯ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮೇಪ್ಪಾಡಿ ಸೀಮೆಯ ಮುಂಡಕ್ಕೈ, ಚೂರಲ್‌ಮಲ ಊರುಗಳು ಬೆಟ್ಟ ಜಾರಿ ಕೊಚ್ಚಿಹೋಗಿ 200ಕ್ಕೂ ಹೆಚ್ಚು ಜನ ತೀರಿಕೊಂಡ ಮೇಲೆ, ಇಳಿಜಾರಿನ ಲೈನುಗಳಲ್ಲಿ ಮಳೆಯ ರಾತ್ರಿ ನೆಮ್ಮದಿಯಿಂದ ಕಣ್ಣು ಮುಚ್ಚುವವರು ಎಷ್ಟು ಮಂದಿ?

ಇದನ್ನೆಲ್ಲ ನಾವು 'ಯೋಚನೆ' ಎಂದು ಕರೆದು ಸುಮ್ಮನಾಗುತ್ತೇವೆ. ಮೈಗೆ ಜ್ವರ ಬಂದರೆ ಡಿಸ್ಪೆನ್ಸರಿಗೆ ಹೋಗುವ ನಾವು, ಮನಸ್ಸು ಸೊರಗಿದರೆ ಯಾರಿಗೂ ಹೇಳುವುದಿಲ್ಲ.

ನಮ್ಮ ಸಹವಾಸದಲ್ಲೇ ಇರುವ ಒಬ್ಬ ಅಕ್ಕನ ವಿಷಯ ಹೇಳುತ್ತೇವೆ. ಹೆಸರು ಬೇಡವೆಂದರು, ಬರೆಯಲು ಒಪ್ಪಿಗೆ ಕೊಟ್ಟರು. ಗಂಡ ತೀರಿಕೊಂಡು ಎರಡು ವರ್ಷ. ಸಾಲ ಇದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನ ತನಕ ಗೋಡೆ ನೋಡುತ್ತ ಕೂರುವುದು, ಸೊಪ್ಪು ಕೀಳುವಾಗ ಕೈ ತಾನಾಗಿ ನಿಂತುಹೋಗುವುದು, ಕಾರಣವಿಲ್ಲದೆ ಅಳು. ಅವರ ಕಿರಿಯ ಮಗಳು ಶಾಲೆಯ ಕ್ರೀಡೆಯಲ್ಲಿ 1500 ಮೀಟರು ಓಡುವವಳು. ಸಂಜೆ ಒಬ್ಬಳೇ ಹೋಗಬಾರದೆಂದು ತಾಯಿ ಜೊತೆಗೆ ಹೋಗಿ ಬಯಲಿನ ಅಂಚಿನಲ್ಲಿ ಕಲ್ಲಿನ ಮೇಲೆ ಕುಳಿತಿರುತ್ತಿದ್ದರು. ಒಂದು ದಿನ ಚಳಿಯಾಯಿತೆಂದು ಎದ್ದು ನಡೆದರು. ಇನ್ನೊಂದು ದಿನ ಮಗಳು ಕೈಹಿಡಿದು ಎಳೆದಳು, ನಾಲ್ಕು ಹೆಜ್ಜೆ ಓಡಿದರು, ನಕ್ಕರು. ಸೀರೆ ಎತ್ತಿ ಕಟ್ಟಿ ಓಡುವ ಐವತ್ತರ ಹೆಂಗಸನ್ನು ಕಂಡು ಲೈನಿನವರೂ ನಕ್ಕರು. ಸುಳ್ಳು ಹೇಳಬಾರದು, ನಾವೂ ನಕ್ಕೆವು. ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ "ಈಗ ಹೇಗಿದ್ದೀರಿ ಅಕ್ಕ?" ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಸಾಲ ಹಾಗೇ ಇದೆ. ರಾತ್ರಿ ನಿದ್ದೆ ಬರುತ್ತದೆ." ನಾವು ಓಟದ ವಿಷಯ ಓದಲು, ವಿಚಾರಿಸಲು ಹೊರಟದ್ದು ಆ ಮಾತಿನಿಂದ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ದಿನವಿಡೀ ದುಡಿದ ಮೈಗೆ ಓಟದಿಂದ ಹೊಸದಾಗಿ ಏನು ಸಿಗುತ್ತದೆ?

ದುಡಿಮೆಯೂ ಓಟವೂ ಮೈಗೆ ಒಂದೇ ಅಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 1,04,000ಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರ್ಷ ಗಮನಿಸಿ 2021ರಲ್ಲಿ ಒಂದು ವರದಿ ಪ್ರಕಟಿಸಿದರು. ಬಿಡುವಿನ ಹೊತ್ತಿನಲ್ಲಿ ಮೈ ದಣಿಸಿದವರಿಗೆ ಹೃದಯಾಘಾತವೂ ಮರಣವೂ ಕಡಿಮೆ. ಕೂಲಿಗಾಗಿ ಮೈ ದಣಿಸಿದವರಿಗೆ ಅವೆರಡೂ ಹೆಚ್ಚು. ಅದೇ ಬೆವರು, ಎರಡು ಫಲ. ಮನಸ್ಸಿನ ವಿಷಯದಲ್ಲೂ ಸಂಶೋಧಕರು ಇಂಥ ಭೇದವನ್ನೇ ಕಂಡಿದ್ದಾರೆ: ಬಿಡುವಿನ ವ್ಯಾಯಾಮ ಮಾಡುವವರ ಮನಸ್ಸು ಹೆಚ್ಚು ನೆಮ್ಮದಿಯಾಗಿರುತ್ತದೆ, ಕೆಲಸದ ದಣಿವಿನಿಂದ ಆ ನೆಮ್ಮದಿ ಬರುವುದಿಲ್ಲ. ಕೂಲಿಯವರ ಬಡತನವೂ ಈ ಲೆಕ್ಕದಲ್ಲಿ ಸೇರಿರಬಹುದು ಎಂದು ವಾದಿಸುವವರಿದ್ದಾರೆ. ನಮಗೆ ಅದೂ ಸುಳ್ಳೆನಿಸುವುದಿಲ್ಲ.

ಇದಕ್ಕೆ ಕೊಡುವ ಕಾರಣವನ್ನು ನಮ್ಮ ಕೆಲಸಕ್ಕೆ ಹೊಂದಿಸಿ ನೋಡಿ. ಸೊಪ್ಪು ಕೀಳುವವಳು ಎಂಟು ಗಂಟೆ ಹೊತ್ತು ಬಗ್ಗಿ, ನಿಂತು, ಬೆನ್ನಿಗೆ ಚೀಲ ಹೊತ್ತಿರುತ್ತಾಳೆ. ಹೃದಯ ಜೋರಾಗಿ ಬಡಿದು ಬಲವಾಗುವಷ್ಟು ವೇಗ ಅದರಲ್ಲಿಲ್ಲ. ರಕ್ತದೊತ್ತಡ ಇಳಿದು ಮೈ ಸುಧಾರಿಸಿಕೊಳ್ಳುವಷ್ಟು ಬಿಡುವೂ ಇಲ್ಲ. ಯಾವಾಗ ನಿಲ್ಲಬೇಕು, ಯಾವ ಸಾಲಿಗೆ ಹೋಗಬೇಕು ಎಂಬುದು ಮೇಸ್ತ್ರಿಯ ಮಾತು. ಓಟ ಇಪ್ಪತ್ತು ನಿಮಿಷದ್ದು. ಉಸಿರು ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ನಿಲ್ಲಿಸುವವರು ನಾವೇ. ಹಾಜರಿ ಪುಸ್ತಕವಿಲ್ಲ, ತಕ್ಕಡಿಯಿಲ್ಲ. ದಿನದಲ್ಲಿ ಇಪ್ಪತ್ತು ನಿಮಿಷ ಯಾರ ಲೆಕ್ಕಕ್ಕೂ ಸೇರದ ಹೊತ್ತು ನಮ್ಮವರಿಗೆ ಬೇರೆ ಎಲ್ಲಿ ಸಿಗುತ್ತದೆ?

ವೈದ್ಯರು ಪರೀಕ್ಷಿಸಿ ನೋಡಿದ ಸಂಗತಿಗಳೂ ಇವೆ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆಯಿಂದ ಬಳಲುತ್ತಿದ್ದ 50 ದಾಟಿದ 156 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಾತ್ರೆ, ಒಂದಕ್ಕೆ ವಾರಕ್ಕೆ ಮೂರು ಸಲ ವ್ಯಾಯಾಮ, ಇನ್ನೊಂದಕ್ಕೆ ಎರಡೂ. ಮಾತ್ರೆಯವರು ಬೇಗ ಚೇತರಿಸತೊಡಗಿದರು; ಆದರೆ 16 ವಾರ ಮುಗಿಯುವಾಗ ಮೂರು ಗುಂಪಿಗೂ ಹೇಳುವಂಥ ವ್ಯತ್ಯಾಸವಿರಲಿಲ್ಲ. 2024ರಲ್ಲಿ 218 ಪರೀಕ್ಷೆಗಳನ್ನು, ಒಟ್ಟು 14,170 ಜನರ ವಿವರವನ್ನು ಒಟ್ಟುಗೂಡಿಸಿ ನೋಡಿದಾಗಲೂ ಖಿನ್ನತೆಗೆ ನಡಿಗೆ ಮತ್ತು ಹಗುರ ಓಟ ಒಳ್ಳೆಯ ಫಲ ಕೊಡುವ ವ್ಯಾಯಾಮಗಳ ಸಾಲಿನಲ್ಲೇ ನಿಂತವು.

ನಮಗೆ ಹೆಚ್ಚು ಪಾಠ ಕಲಿಸಿದ್ದು ಆಮ್‌ಸ್ಟರ್‌ಡ್ಯಾಮಿನ ಒಂದು ಪರೀಕ್ಷೆ. ಅದರ ವರದಿ ಬಂದದ್ದು 2023ರಲ್ಲಿ. ಅಲ್ಲಿ 141 ರೋಗಿಗಳಿಗೆ ಮಾತ್ರೆ ಬೇಕೋ, ಗುಂಪಿನಲ್ಲಿ ಓಡುವುದು ಬೇಕೋ ಎಂದು ಕೇಳಿದರು. ಹೆಚ್ಚಿನವರು ಓಟವನ್ನೇ ಆರಿಸಿದರು. ಕೊನೆಗೆ ಎರಡೂ ಕಡೆ ನೂರಕ್ಕೆ ಸುಮಾರು 44 ಮಂದಿ ಚೇತರಿಸಿಕೊಂಡರು. ಓಡಿದವರ ರಕ್ತದೊತ್ತಡವೂ ಸೊಂಟದ ಸುತ್ತಳತೆಯೂ ಇಳಿದವು. ಇಲ್ಲಿಗೇ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತೆ. ಮಾತ್ರೆಯವರಲ್ಲಿ ನೂರಕ್ಕೆ 82 ಜನ ಹೇಳಿದ ಕ್ರಮವನ್ನು ಪಾಲಿಸಿದರೆ, ಓಟದವರಲ್ಲಿ ಪಾಲಿಸಿದ್ದು 52 ಜನ ಮಾತ್ರ. ಮೇಲ್ವಿಚಾರಕರು, ಒಳ್ಳೆಯ ಶೂ, ಬಿಡುವು, ಎಲ್ಲ ಇದ್ದ ಊರಿನಲ್ಲೇ ಹೀಗಾದರೆ ನಮ್ಮ ಲೈನುಗಳ ಗತಿ ಏನು? ಮನಸ್ಸು ಕುಗ್ಗಿದವರಿಗೆ ಹಾಸಿಗೆಯಿಂದ ಏಳುವುದೇ ಬೆಟ್ಟ. "ಹೋಗಿ ಓಡು" ಎಂದು ಅವರಿಗೆ ಬುದ್ಧಿ ಹೇಳಿದರೆ ಉಪಯೋಗವಿಲ್ಲ. "ಬಾ, ನಾನೂ ಬರುತ್ತೇನೆ" ಎನ್ನುವ ಒಬ್ಬರು ಬಾಗಿಲಲ್ಲಿ ಬಂದು ನಿಲ್ಲಬೇಕು. ಆ ಅಕ್ಕನಿಗೆ ಮಗಳಿದ್ದಳು. ಯಾರೂ ಇಲ್ಲದವರಿಗೆ ನೆರೆಮನೆಯವರು ಆ ಕೆಲಸ ಮಾಡಬೇಕೆಂಬುದು ನಮ್ಮ ಅಭಿಪ್ರಾಯ.

ಓಟ ಎಲ್ಲವನ್ನೂ ವಾಸಿಮಾಡುತ್ತದೆ ಎಂದು ನಾವು ಹೇಳೆವು. ಕೂಲಿ ಏರಿಸುವುದಿಲ್ಲ, ಕುಡಿತ ಬಿಡಿಸುತ್ತದೆಂಬ ಭರವಸೆಯೂ ಇಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನು ಓಡಲು ಶುರುಮಾಡಿದೆವೆಂದು ತಾವಾಗಿ ನಿಲ್ಲಿಸುವುದು ಅಪಾಯ. ಸಾಯುವ ಯೋಚನೆ ಬರುವವರು, ಇಲ್ಲದ ದನಿ ಕೇಳುವವರು, ವಾರಗಟ್ಟಲೆ ಊಟ ನಿದ್ದೆ ಬಿಟ್ಟವರು ಮೊದಲು ಆಸ್ಪತ್ರೆಗೆ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ಫೋನ್ ಸೇವೆ ತೆರೆಯಿತು. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣವಿಲ್ಲ. ಈ ನಂಬರನ್ನು ಪಡಿತರ ಚೀಟಿಯ ಹಿಂದೆ ಬರೆದಿಡಿ.

ಇನ್ನು ಹೆಣ್ಣುಮಕ್ಕಳ ಮಾತು. ನಮ್ಮಲ್ಲಿ ಹುಡುಗಿ ಹತ್ತನೆಯ ಕ್ಲಾಸಿನ ತನಕ ಓಡಬಹುದು, ಕಪ್ಪು ತಂದರೆ ಗೋಡೆಗೆ ಫೋಟೋ ಹಾಕುತ್ತೇವೆ. ಶಾಲೆ ಬಿಟ್ಟ ಮರುದಿನದಿಂದ ಅವಳು ಓಡಿದರೆ ಮರ್ಯಾದೆ ಹೋಗುತ್ತದೆ! ವಯನಾಡಿನ ತೃಶ್ಶಿಲೇರಿಯ ಒ. ಪಿ. ಜೈಷಾ 2015ರಲ್ಲಿ ಬೀಜಿಂಗ್‌ನಲ್ಲಿ 42 ಕಿಲೋಮೀಟರಿನ ಮ್ಯಾರಥಾನನ್ನು 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಓಡಿ ಅಂದಿನ ರಾಷ್ಟ್ರೀಯ ದಾಖಲೆ ಮಾಡಿದರು. ಅದೇ ಜಿಲ್ಲೆಯ ಟಿ. ಗೋಪಿ 2017ರಲ್ಲಿ ಏಷ್ಯನ್ ಮ್ಯಾರಥಾನ್ ಗೆದ್ದ ಮೊದಲ ಭಾರತೀಯ ಗಂಡಸು. ನಮ್ಮ ಬೆಟ್ಟಗಳ ಪಕ್ಕದವರೇ ಇವರು. ನಾವು ಹೇಳುತ್ತಿರುವುದು ಪದಕದ ಓಟವಲ್ಲ, ಆದರೂ ಬಾಯಿ ಮುಚ್ಚಿಸಲು ಈ ಹೆಸರುಗಳು ಉಪಯೋಗಕ್ಕೆ ಬರುತ್ತವೆ.

ನಿಜವಾದ ಅಡ್ಡಿ ಮರ್ಯಾದೆಯೂ ಅಲ್ಲ, ನೀರಿನ ಕೊಡ. ಸಂಜೆ ನೀರು, ಸೌದೆ, ಅನ್ನ, ಮಕ್ಕಳು, ಎಲ್ಲವೂ ಒಬ್ಬಳ ತಲೆಯ ಮೇಲೆ. ವಾರದಲ್ಲಿ ಮೂರು ಸಂಜೆ ಅರ್ಧ ಗಂಟೆ ಗಂಡ ನೀರು ಹಿಡಿದು ಅಕ್ಕಿ ತೊಳೆದಿಟ್ಟರೆ ಹೆಂಡತಿ ಬಯಲಿಗೆ ಹೋಗಿ ಬರಬಹುದು. ಉಳಿದ ಸಂಜೆ ಅವನು ಹೋಗಲಿ. ಇದನ್ನು ಓದಿ ಕೆಲವು ಅಣ್ಣಂದಿರಿಗೆ ಸಿಟ್ಟು ಬರುತ್ತದೆ, ಗೊತ್ತು. ಬರಲಿ.

ಶುರುಮಾಡುವವರಿಗೆ ಕೆಲವು ಮಾತು. ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ಹೀಗೆ ಇಪ್ಪತ್ತು ನಿಮಿಷ. ಪಕ್ಕದವರೊಡನೆ ಮಾತಾಡುವಷ್ಟು ಉಸಿರು ಉಳಿದಿರಬೇಕು. ಮಾತು ಕಟ್ಟಿದರೆ ವೇಗ ಹೆಚ್ಚಾಯಿತೆಂದು ಅರ್ಥ. ವಾರಕ್ಕೆ ಮೂರು ದಿನ ಸಾಕು. ಎಲೆ ಹೆಚ್ಚು ಬರುವ ಕಾಲದಲ್ಲಿ ಮೈ ನಿಜವಾಗಿ ಸೋತಿದ್ದರೆ ಆ ದಿನ ಬಿಡಿ, ಮೈಗೂ ನ್ಯಾಯ ಬೇಕು. ನಮ್ಮ ಹೆಂಗಸರಲ್ಲಿ ರಕ್ತ ಕಡಿಮೆ ಇರುವವರು ಬಹಳ. ಏರು ಹತ್ತುವಾಗಲೇ ತಲೆ ತಿರುಗಿದರೆ, ಎದೆ ಹಿಡಿದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬಸುರಿಯರು, ಹೆರಿಗೆಯಾದವರು ನರ್ಸಮ್ಮನನ್ನು ಕೇಳದೆ ಓಡಬೇಡಿ. ಔಷಧಿ ಹೊಡೆದ ಹೊಲದ ನಡುವಿನ ದಾರಿಯಲ್ಲಿ ಓಡಲೇಬೇಡಿ. ಏದುಸಿರು ಬಿಡುವಾಗ ಆ ವಿಷ ಇನ್ನಷ್ಟು ಒಳಗೆ ಹೋಗುತ್ತದೆ. ಪೇಟೆಯವರು ನಸುಕಿನಲ್ಲಿ ಓಡುತ್ತಾರೆ, ನಮಗೆ ಅದು ಆಗದು. ಆನೆಯೂ ಕಾಟಿಯೂ ದಾರಿಗೆ ಇಳಿಯುವ ಹೊತ್ತು ಅದು. ಕತ್ತಲಾಗುವ ಮುಂಚೆ ಮನೆ ಸೇರಬೇಕು, ಒಬ್ಬರೇ ಹೋಗಬಾರದು. ಮಳೆಗಾಲದ ಇಂಬಳಕ್ಕೆ ಕಾಲಿಗೆ ಸುಣ್ಣವೋ ಹೊಗೆಸೊಪ್ಪಿನ ನೀರೋ ಹಚ್ಚುವುದು ನಿಮಗೆ ಗೊತ್ತೇ ಇದೆ.

ಹಾಗಾದರೆ ಎಲ್ಲಿ ಓಡುವುದು? ಇದು ತೋಟದ ಆಡಳಿತದವರಿಗೂ ಕೇಳಿಸಬೇಕಾದ ಮಾತು. 1951ರ ತೋಟ ಕಾರ್ಮಿಕರ ಕಾಯ್ದೆಯ 13ನೇ ಕಲಮಿನಲ್ಲಿ ಕೂಲಿಯವರಿಗೂ ಮಕ್ಕಳಿಗೂ ಆಟ ವಿನೋದದ ಸೌಕರ್ಯ ಒದಗಿಸುವ ಮಾತಿತ್ತು. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಅದರಲ್ಲೂ ತೋಟದವರಿಗೆ ವಿನೋದ ಸೌಕರ್ಯದ ಮಾತಿದೆ. ಕಾಗದದಲ್ಲಿರುವ ಈ ಸೌಕರ್ಯ ನಮ್ಮ ಡಿವಿಷನ್ನಿನಲ್ಲಿ ಲಾಂಟಾನ ಪೊದೆಯ ಕೆಳಗಿದೆ. ತೂಕದ ಶೆಡ್ಡಿನ ಹಿಂದೆ ಹಿಂದೊಮ್ಮೆ ಹುಡುಗರು ಫುಟ್‌ಬಾಲ್ ಆಡುತ್ತಿದ್ದ ಬಯಲು ಈಗ ಹಂದಿ ಮಲಗುವ ಜಾಗ. ಆ ಅಕ್ಕ ಮತ್ತು ಮಗಳು ಓಡುತ್ತಿರುವುದು ಅದರ ಒಂದು ಮೂಲೆಯಲ್ಲಿ ಉಳಿದಿರುವ ನೂರು ಹೆಜ್ಜೆಯ ಜಾಗದಲ್ಲಿ, ಹೋಗಿ ತಿರುಗಿ, ಹೋಗಿ ತಿರುಗಿ. ಒಂದು ದೀಪವನ್ನೂ ಒಂದು ಬೇಲಿಯನ್ನೂ ಕೇಳಿ ಅರ್ಜಿ ಬರೆದಿದ್ದೇವೆ. ಉತ್ತರ ಬಂದಿಲ್ಲ.

ಉತ್ತರ ಬರುವ ತನಕ ಕಾಯಬೇಕೆಂದಿಲ್ಲ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ, ಹತ್ತೂವರೆಗೆ, ಪೊದೆ ಕಡಿಯಲು ಸೇರುತ್ತೇವೆ. ಕತ್ತಿ, ಗುದ್ದಲಿ ಇದ್ದವರು ತನ್ನಿ. ಗಂಜಿಗೆ ಅಕ್ಕಿ ಮೂರು ಮನೆಯವರು ಒಪ್ಪಿಕೊಂಡಿದ್ದಾರೆ, ಉಪ್ಪಿನಕಾಯಿ ಇನ್ನೂ ಯಾರೂ ಹೇಳಿಲ್ಲ.